ಬೆಲ್ಸೆನ್‌ನಿಂದ ಡಬ್ಲಿನ್‌ಗೆ: ಬದುಕುಳಿದವರ ಮೌನ, ಆಶ್ರಯ ಕೊಟ್ಟ ನಾಡಿನ ಮೌನ



ಟೋಮಿ ರೈಕೆಂಟಾಲ್ 1935ರಲ್ಲಿ ಅಂದಿನ ಚೆಕೊಸ್ಲೊವಾಕಿಯಾದ ಪಿಯೆಶ್ಟ್ಯಾನಿಯಲ್ಲಿ ಹುಟ್ಟಿದ ಯಹೂದಿ. ಒಂಬತ್ತನೆಯ ವಯಸ್ಸಿನಲ್ಲಿ ಬರ್ಗೆನ್-ಬೆಲ್ಸೆನ್ ಯಾತನಾ ಶಿಬಿರವನ್ನು ಕಂಡು, ಬದುಕಿ ಹೊರಬಂದು, 1959ರಲ್ಲಿ ಐರ್ಲೆಂಡಿಗೆ ಬಂದು ಡಬ್ಲಿನ್‌ನಲ್ಲಿ ಬೇರುಬಿಟ್ಟವರು. ತಾವು ಕಂಡದ್ದನ್ನು ಅವರು ಐವತ್ತೈದು ವರ್ಷಕ್ಕೂ ಹೆಚ್ಚು ಕಾಲ ಯಾರಿಗೂ ಹೇಳಲಿಲ್ಲ. ಈ ಉಪನ್ಯಾಸದಲ್ಲಿ ಮೊದಲು ಅವರ ಬಾಲ್ಯವನ್ನು ಶಿಬಿರದ ಬಿಡುಗಡೆಯವರೆಗೆ ನೋಡಲಾಗುವುದು. ಬಳಿಕ, ಅದೇ ವರ್ಷಗಳಲ್ಲಿ ಐರ್ಲೆಂಡ್ ತನ್ನ ಬಾಗಿಲನ್ನು ಯಾರಿಗೆ ತೆರೆಯಿತು, ಯಾರಿಗೆ ಮುಚ್ಚಿತು ಎಂಬ ಪ್ರಶ್ನೆ ಬರುತ್ತದೆ. ಮೂರನೆಯದಾಗಿ, ಆ ದೀರ್ಘ ಮೌನ ಮತ್ತು ಅದು ಒಡೆದ ಬಗೆ. ಕೊನೆಗೆ ಡಬ್ಲಿನ್‌ನ ನೈರುತ್ಯ ಅಂಚಿನಲ್ಲಿರುವ ಸಿಟಿವೆಸ್ಟ್‌ನ ವರ್ತಮಾನವನ್ನು ಸಂಕ್ಷೇಪವಾಗಿ ನೋಡಬೇಕಾಗುತ್ತದೆ.

ರೈಕೆಂಟಾಲ್ ಬೆಳೆದದ್ದು ಮೆರಾಶಿತ್ಸೆ ಎಂಬ ಸಣ್ಣ ಹಳ್ಳಿಯಲ್ಲಿ. ತಂದೆ ಅರ್ನಾಲ್ಡ್ ಬೇಸಾಯಗಾರ. ತಾತನಿಗೆ ಊರಲ್ಲೇ ಅಂಗಡಿ ಇತ್ತು. ಅಣ್ಣ ಮಿಕಿ, ಅಜ್ಜಿ ರೊಜಾಲಿಯಾ, ಅತ್ತೆ ಮಾವಂದಿರು, ಅವರ ಮಕ್ಕಳು ಎಲ್ಲ ಸೇರಿ ತುಂಬಿದ ಕುಟುಂಬ. ಹೊಲ, ದನಕರು, ಅಂಗಡಿ ಎಂದು ನೆರೆಹೊರೆಯವರಂತೆಯೇ ಬಾಳುತ್ತಿದ್ದ ಜನ. ಇದನ್ನು ಒತ್ತಿ ಹೇಳಲು ಕಾರಣವಿದೆ. ಯೂರೋಪಿನ ಯಹೂದಿಗಳೆಂದರೆ ನಗರದ ವ್ಯಾಪಾರಿಗಳು, ಬ್ಯಾಂಕಿನವರು ಎಂಬ ಚಿತ್ರ ಅಂದಿನ ದ್ವೇಷಪ್ರಚಾರದ್ದು. ಮಣ್ಣಿನಲ್ಲಿ ದುಡಿಯುತ್ತಿದ್ದ ಕುಟುಂಬಗಳೂ ಆ ಪ್ರಚಾರಕ್ಕೆ ಬಲಿಯಾದವು.

1939ರ ಮಾರ್ಚ್‌ನಲ್ಲಿ ಚೆಕೊಸ್ಲೊವಾಕಿಯಾ ಒಡೆದು, ಜರ್ಮನಿಯ ನೆರಳಿನಲ್ಲಿ ಸ್ಲೊವಾಕ್ ರಾಜ್ಯ ಹುಟ್ಟಿಕೊಂಡಿತು. ಅದರ ಮುಖ್ಯಸ್ಥ ಯೋಜೆಫ್ ಟಿಸೊ ಒಬ್ಬ ಕ್ಯಾಥೊಲಿಕ್ ಪಾದ್ರಿ. 1941ರ ಸೆಪ್ಟೆಂಬರ್‌ನಲ್ಲಿ ಹೊರಬಂದ ಯಹೂದಿ ಸಂಹಿತೆ ಆಸ್ತಿ, ಉದ್ಯೋಗ, ಶಾಲೆ, ಮದುವೆ ಎಲ್ಲದರಿಂದಲೂ ಯಹೂದಿಗಳನ್ನು ಹೊರಗಿಟ್ಟಿತು. ಎದೆಯ ಮೇಲೆ ಹಳದಿ ನಕ್ಷತ್ರ ಧರಿಸುವುದು ಕಡ್ಡಾಯವಾಯಿತು. 1942ರ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಸುಮಾರು 58 ಸಾವಿರ ಮಂದಿಯನ್ನು ಆ ಸರ್ಕಾರ ರೈಲು ಹತ್ತಿಸಿ ಜರ್ಮನ್ನರ ವಶಕ್ಕೆ ಒಪ್ಪಿಸಿತು. ಒಪ್ಪಿಸಿದ ಪ್ರತಿಯೊಬ್ಬರಿಗೂ 500 ಮಾರ್ಕ್‌ನಂತೆ ಜರ್ಮನಿಗೆ ಹಣವನ್ನೂ ಕಟ್ಟಿತು. ಕೊಲೆಗೆ ಗುರಿಯಾಗಲಿದ್ದವರ ಸಾಗಣೆ ವೆಚ್ಚವನ್ನು ಅವರ ಸ್ವಂತ ಸರ್ಕಾರವೇ ಭರಿಸಿದ ಈ ಲೆಕ್ಕಪತ್ರ, ಆ ಕಾಲದ ಕ್ರೌರ್ಯ ಎಷ್ಟು ಕಚೇರಿ ಕೆಲಸದಂತೆ ನಡೆಯಿತು ಎಂಬುದಕ್ಕೆ ಸಾಕ್ಷಿ.

ಬೇಸಾಯಗಾರರು ರಾಜ್ಯಕ್ಕೆ ಬೇಕಾದವರು ಎಂಬ ಕಾರಣಕ್ಕೆ ರೈಕೆಂಟಾಲ್ ಕುಟುಂಬಕ್ಕೆ ಮೊದಲ ಸುತ್ತಿನಲ್ಲಿ ವಿನಾಯಿತಿ ಸಿಕ್ಕಿತು. 1944ರ ಆಗಸ್ಟ್ ಕೊನೆಯಲ್ಲಿ ಸ್ಲೊವಾಕ್ ರಾಷ್ಟ್ರೀಯ ಬಂಡಾಯ ಎದ್ದಾಗ ಜರ್ಮನ್ ಸೇನೆ ನೇರವಾಗಿ ಒಳನುಗ್ಗಿತು, ವಿನಾಯಿತಿಯ ಕಾಗದಗಳಿಗೆ ಬೆಲೆಯಿಲ್ಲದಾಯಿತು. ತಂದೆಯನ್ನು ಹಿಡಿದು ರೈಲಿಗೆ ಹತ್ತಿಸಿದರು. ಅವರು ಓಡುವ ರೈಲಿನಿಂದ ಹಾರಿ ತಪ್ಪಿಸಿಕೊಂಡು ಬಂಡಾಯಗಾರರ ದಳ ಸೇರಿದರು. ತಾಯಿ ಇಬ್ಬರು ಮಕ್ಕಳೊಂದಿಗೆ, ಗುರುತು ಮರೆಸಿಕೊಂಡು, ಬ್ರಾಟಿಸ್ಲಾವಾ ಸೇರಿದರು. ಅದೇ ಅಕ್ಟೋಬರ್‌ನಲ್ಲಿ ಜರ್ಮನ್ ಗುಪ್ತ ಪೊಲೀಸ್ ದಳ ಗೆಸ್ಟಾಪೊ ಅವರನ್ನೂ, ಅಜ್ಜಿಯನ್ನೂ, ಇತರ ಬಂಧುಗಳನ್ನೂ ಹಿಡಿಯಿತು. ಅಲ್ಲಿಂದ ಒಯ್ದ ಸೆರೆದ್ ಶಿಬಿರದಲ್ಲಿ ದುಡಿಯಬಲ್ಲವರನ್ನು ಒಂದು ಕಡೆಗೆ, ಮಕ್ಕಳು ಮುದುಕರನ್ನು ಇನ್ನೊಂದು ಕಡೆಗೆ ವಿಂಗಡಿಸಿದರು. ಆ ಶಿಬಿರದ ಹೊಣೆ ಹೊತ್ತಿದ್ದವನು ಆಲೊಯಿಸ್ ಬ್ರುನ್ನರ್, ಯಹೂದಿಗಳ ಸಾಗಣೆಯನ್ನು ಸಂಘಟಿಸಿದ ನಾಜಿ ಅಧಿಕಾರಿ ಐಕ್‌ಮನ್‌ನ ಬಲಗೈ. ದನ ಸಾಗಿಸುವ ವ್ಯಾಗನ್ನಿನಲ್ಲಿ ದಿನಗಟ್ಟಲೆ ಪಯಣ. ಶೌಚಕ್ಕೆ ಮೂಲೆಯಲ್ಲೊಂದು ಡಬ್ಬ, ಮಲಗಲು ಜಾಗವಿಲ್ಲ. 1944ರ ನವೆಂಬರ್‌ನಲ್ಲಿ ಆ ರೈಲು ಉತ್ತರ ಜರ್ಮನಿಯ ಬರ್ಗೆನ್-ಬೆಲ್ಸೆನ್ ತಲುಪಿತು.

ಬೆಲ್ಸೆನ್‌ನಲ್ಲಿ ಅನಿಲ ಕೋಣೆ ಇರಲಿಲ್ಲ. ಅಲ್ಲಿ ಕೊಂದದ್ದು ಹಸಿವು, ಚಳಿ, ಹೇನು, ಹೇನಿನಿಂದ ಹರಡಿದ ಟೈಫಸ್ ಜ್ವರ. 1944ರ ಡಿಸೆಂಬರ್ ಆರಂಭದಲ್ಲಿ ಸುಮಾರು 15 ಸಾವಿರ ಮಂದಿಯಿದ್ದ ಶಿಬಿರಕ್ಕೆ, ಪೂರ್ವದಲ್ಲಿ ಸೋವಿಯತ್ ಸೇನೆ ಮುನ್ನುಗ್ಗಿದಂತೆಲ್ಲ ಬೇರೆ ಶಿಬಿರಗಳ ಕೈದಿಗಳನ್ನು ತಂದು ತುಂಬುತ್ತ ಹೋದರು. ಏಪ್ರಿಲ್ ಹೊತ್ತಿಗೆ ಅಲ್ಲಿ 60 ಸಾವಿರದಷ್ಟು ಜನ. 1945ರ ಮಾರ್ಚ್ ತಿಂಗಳೊಂದರಲ್ಲೇ ಸತ್ತವರು 18 ಸಾವಿರ. ಆನ್ ಫ್ರಾಂಕ್ ಮತ್ತು ಆಕೆಯ ಅಕ್ಕ ಮಾರ್ಗೊಟ್ ತೀರಿಕೊಂಡದ್ದೂ ಆ ಚಳಿಗಾಲದಲ್ಲಿ, ಅದೇ ಬೇಲಿಯೊಳಗೆ.

ದಿನಕ್ಕೆ ಒಂದು ತುಂಡು ಕಪ್ಪು ರೊಟ್ಟಿ, ಟರ್ನಿಪ್ ಗೆಡ್ಡೆ ಬೇಯಿಸಿದ ನೀರುಸಾರು, ಕಾಫಿ ಎಂಬ ಹೆಸರಿನ ಕಪ್ಪು ನೀರು. ಚಳಿಯಲ್ಲಿ ಗಂಟೆಗಟ್ಟಲೆ ನಿಲ್ಲಿಸಿ ತಲೆ ಎಣಿಸುವ ಹಾಜರಿ. ಹೆಣ ಸುಡುವ ಒಲೆ ಸಾಲದೆ ಬಂದಾಗ ಶವಗಳನ್ನು ಬರಾಕುಗಳ ನಡುವೆಯೇ ರಾಶಿ ಹಾಕಿದರು. ಮಕ್ಕಳು ಮಕ್ಕಳೇ ಅಲ್ಲವೇ? ಆ ರಾಶಿಗಳ ಸುತ್ತ ಅವರು ಕಣ್ಣಾಮುಚ್ಚಾಲೆ ಆಡಿದರು. ರೈಕೆಂಟಾಲ್ ತಮ್ಮ ಮಾತುಗಳಲ್ಲಿ ಮತ್ತೆ ಮತ್ತೆ ನೆನೆಯುವುದು ಎರಡು ಸಂಗತಿಗಳನ್ನು. ಒಂದು, ಎಲ್ಲವನ್ನೂ ಆವರಿಸಿದ್ದ ಕೊಳೆತ ವಾಸನೆ. ಇನ್ನೊಂದು, ಅಜ್ಜಿ ರೊಜಾಲಿಯಾಳ ಸಾವು. ಬರಾಕಿನಲ್ಲಿ ತೀರಿಕೊಂಡ ಅಜ್ಜಿಯನ್ನು ಹೊರಗೆ ಒಯ್ದು, ಈಗಾಗಲೇ ಹೆಣ ತುಂಬಿದ್ದ ಕೈಗಾಡಿಯ ಮೇಲೆ ಎಸೆದದ್ದನ್ನು ಆ ಹುಡುಗ ನಿಂತು ನೋಡಿದ. ಅಳು ಬರಲಿಲ್ಲ ಎಂದು ಅವರು ಹೇಳಿಕೊಂಡಿದ್ದಾರೆ. ಸಂಸ್ಕಾರವಿಲ್ಲದ ಸಾವು ನಮ್ಮ ಸಮಾಜದಲ್ಲಿ ಎಷ್ಟು ದೊಡ್ಡ ಸಂಕಟವೋ ಯಹೂದಿ ಧರ್ಮದಲ್ಲೂ ಅಷ್ಟೇ ದೊಡ್ಡದು. ಶವಕ್ಕೆ ಸ್ನಾನ, ಬಿಳಿ ಬಟ್ಟೆ, ಬೇಗನೆ ಮಣ್ಣು, ಮಗನ ಬಾಯಿಂದ ಪ್ರಾರ್ಥನೆ, ಇವೆಲ್ಲ ಮೃತರಿಗೆ ಸಲ್ಲಲೇಬೇಕಾದ ಋಣ. ಆ ಋಣ ತೀರಿಸಲಾಗದ ನೋವು ಬದುಕುಳಿದವರನ್ನು ಜೀವಮಾನವಿಡೀ ಕಾಡಿತು.

1945ರ ಏಪ್ರಿಲ್ 15ರಂದು ಬ್ರಿಟಿಷ್ ಸೇನೆ ಶಿಬಿರದೊಳಗೆ ಬಂತು. ಸಾವಿರಾರು ಹೆಣಗಳು ಹೂಳದೆ ಬಿದ್ದಿದ್ದವು. ಬಿಡುಗಡೆಯ ನಂತರವೂ ಸಾವು ನಿಲ್ಲಲಿಲ್ಲ: ಮುಂದಿನ ವಾರಗಳಲ್ಲಿ ಸುಮಾರು 13 ಸಾವಿರ ಮಂದಿ ತೀರಿಕೊಂಡರು. ಹಸಿದು ಬತ್ತಿದ ಕರುಳಿಗೆ ಸೈನಿಕರು ಮರುಕದಿಂದ ಕೊಟ್ಟ ಕೊಬ್ಬಿನ ಆಹಾರವೇ ಎಷ್ಟೋ ಜನರಿಗೆ ವಿಷವಾಯಿತು. ಟೈಫಸ್ ಹರಡದಂತೆ ಬರಾಕುಗಳನ್ನು ಒಂದೊಂದಾಗಿ ಸುಟ್ಟು, ಮೇ 21ರಂದು ಕೊನೆಯದಕ್ಕೂ ಬೆಂಕಿ ಇಟ್ಟರು. ರೈಕೆಂಟಾಲ್, ತಾಯಿ ಮತ್ತು ಅಣ್ಣ ಬದುಕುಳಿದು ಊರಿಗೆ ಮರಳಿದರು, ತಂದೆಯೂ ಸಿಕ್ಕಿದರು. ಇದು ಅಪರೂಪದ ಭಾಗ್ಯ. ಆದರೆ ವಿಶಾಲ ಕುಟುಂಬದಲ್ಲಿ 35 ಮಂದಿ ಇಲ್ಲವಾಗಿದ್ದರು.

ಇನ್ನು ಎರಡನೆಯ ವಿಷಯಕ್ಕೆ ಬರೋಣ. ಇದೇ ಕಾಲದಲ್ಲಿ ಐರ್ಲೆಂಡ್ ಏನು ಮಾಡುತ್ತಿತ್ತು?

1937ರ ಐರಿಷ್ ಸಂವಿಧಾನ ಯಹೂದಿ ಸಭೆಗಳನ್ನು ಹೆಸರಿಸಿಯೇ ಮಾನ್ಯ ಮಾಡಿತ್ತು. ಯೂರೋಪಿನಲ್ಲಿ ದ್ವೇಷ ಉಕ್ಕುತ್ತಿದ್ದ ಹೊತ್ತಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಆದರೆ ಕಾನೂನಿನ ಮಾತು ಬೇರೆ, ವೀಸಾ ಕಚೇರಿಯ ಮಾತು ಬೇರೆ. 1938ರ ಜುಲೈನಲ್ಲಿ ನಿರಾಶ್ರಿತರ ಪ್ರಶ್ನೆ ಚರ್ಚಿಸಲು ಫ್ರಾನ್ಸಿನ ಎವಿಯಾನ್‌ನಲ್ಲಿ 32 ದೇಶಗಳು ಸೇರಿದಾಗ, ನಮ್ಮಲ್ಲೇ ನಿರುದ್ಯೋಗವಿದೆ, ನಮ್ಮವರೇ ವಲಸೆ ಹೋಗುತ್ತಿದ್ದಾರೆ ಎಂದು ಐರ್ಲೆಂಡ್ ಕೈಚೆಲ್ಲಿತು. ಬರ್ಲಿನ್‌ನಲ್ಲಿ 1933ರಿಂದ 1939ರವರೆಗೆ ಐರಿಷ್ ರಾಯಭಾರಿಯಾಗಿದ್ದ ಚಾರ್ಲ್ಸ್ ಬ್ಯೂಲಿ ಬಹಿರಂಗವಾಗಿ ಯಹೂದಿ ದ್ವೇಷಿ. ಜರ್ಮನಿಯ ಯಹೂದಿ ವೀಸಾ ಕೇಳಲು ಬರಬೇಕಾದದ್ದು ಆತನ ಕಚೇರಿಗೇ. ನಿರಾಶ್ರಿತರ ನೆರವಿಗೆಂದು ಡಬ್ಲಿನ್‌ನಲ್ಲಿ ರಚನೆಯಾದ ಸಮಿತಿಯೂ ಯಹೂದಿ ಮೂಲದ ಕ್ರೈಸ್ತರಿಗೆ ಆದ್ಯತೆ ಕೊಟ್ಟಿತು. ಯಹೂದಿಗಳನ್ನು ಅವರ ಸಮುದಾಯವೇ ನೋಡಿಕೊಳ್ಳಲಿ ಎಂಬುದು ಧೋರಣೆ. ಇಡೀ ನಾಜಿ ಅವಧಿಯಲ್ಲಿ ಐರ್ಲೆಂಡ್ ಒಳಗೆ ಬಿಟ್ಟುಕೊಂಡ ಯಹೂದಿ ನಿರಾಶ್ರಿತರು ಅರವತ್ತರ ಆಸುಪಾಸು ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ.

ಒಂದು ಕಿಟಕಿ ಮಾತ್ರ ತೆರೆದಿತ್ತು, ಅದು ಕಾರ್ಖಾನೆಯ ಕಿಟಕಿ. ಪಶ್ಚಿಮ ಐರ್ಲೆಂಡಿಗೆ ಉದ್ಯೋಗ ತರಬಲ್ಲವರಿಗೆ ಅನುಮತಿ ಸಿಗುತ್ತಿತ್ತು. ಹೀಗೆ ಗಾಲ್ವೇ ಮತ್ತು ಕಾಸಲ್‌ಬಾರ್‌ನಲ್ಲಿ ಟೋಪಿ ಕಾರ್ಖಾನೆಗಳು, ಲಾಂಗ್‌ಫರ್ಡ್‌ನಲ್ಲಿ ರಿಬ್ಬನ್ ಕಾರ್ಖಾನೆ ತಲೆಯೆತ್ತಿದವು. ಅವುಗಳ ಯಂತ್ರಗಳ ಜೊತೆ ಕೆಲವು ಕುಟುಂಬಗಳ ಜೀವವೂ ದಡ ಸೇರಿತು. ಪ್ರಾಣ ಉಳಿಸಿಕೊಳ್ಳಲು ಬಂದವನನ್ನು ಉಪಯೋಗದ ತಕ್ಕಡಿಯಲ್ಲಿ ತೂಗಿದ ರೀತಿ ಇದು. ಅಂದು ಹಾಗೆ ತೂಗಿದ ದೇಶ ಐರ್ಲೆಂಡ್ ಒಂದೇ ಅಲ್ಲ. ಕನ್ನಡ ನಾಡಿನಿಂದಲೇ ಉದಾಹರಣೆ ಕೊಡುವುದಾದರೆ, ಯಹೂದಿ ಮೂಲದವರೆಂದು ಜರ್ಮನಿಯ ಗಟಿಂಗೆನ್‌ನಲ್ಲಿ ಪ್ರಾಧ್ಯಾಪಕ ಹುದ್ದೆ ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರನ್ನು ಸಿ. ವಿ. ರಾಮನ್ 1935ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಕರೆಸಿಕೊಂಡರು. ಅವರಿಗೆ ಕಾಯಂ ಹುದ್ದೆ ಕೊಡಿಸಲು ರಾಮನ್ ಮಾಡಿದ ಯತ್ನ ಸಂಸ್ಥೆಯೊಳಗಿನ ವಿರೋಧಕ್ಕೆ ಸಿಕ್ಕಿ ಸೋತಿತು, ಬಾರ್ನ್ 1936ರಲ್ಲಿ ಎಡಿನ್‌ಬರೊ ಸೇರಿದರು. ಇನ್ನೊಂದೆಡೆ, ಬರ್ಲಿನ್‌ನಿಂದ ಹೊರಬಿದ್ದ ಒಟ್ಟೊ ಕೊಯ್ನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾದರು. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅವರು ಕಟ್ಟಿದ ಕಟ್ಟಡಗಳು ಇಂದಿಗೂ ಬಳಕೆಯಲ್ಲಿವೆ. ಇಬ್ಬರೂ ಪದವಿ, ಪರಿಣತಿ ಇದ್ದವರು. ಅವೆರಡೂ ಇಲ್ಲದ ಒಬ್ಬ ಗೃಹಿಣಿಯ ಪಾಡೇನಾಯಿತು ಎಂಬುದನ್ನು ನೋಡಬೇಕು.

ಎಟ್ಟಿ ಸ್ಟೈನ್‌ಬರ್ಗ್ ಮುಂದೆ ಚೆಕೊಸ್ಲೊವಾಕಿಯಾಕ್ಕೆ ಸೇರಿದ ಊರೊಂದರಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಡಬ್ಲಿನ್‌ಗೆ ಬಂದು, ಡೊನೋರ್ ಅವೆನ್ಯೂದ ಸೇಂಟ್ ಕ್ಯಾಥರೀನ್ಸ್ ಶಾಲೆಯಲ್ಲಿ ಓದಿದವಳು. 1937ರಲ್ಲಿ ಡಬ್ಲಿನ್‌ನ ಸಿನಗಾಗ್‌ನಲ್ಲಿ ಬೆಲ್ಜಿಯಂನ ಅಕ್ಕಸಾಲಿಗ ಗ್ಲುಕ್ ಎಂಬುವನನ್ನು ಮದುವೆಯಾಗಿ ಆಂಟ್‌ವರ್ಪ್‌ಗೆ ಹೋದಳು. ಯುದ್ಧದ ಭೀತಿಯಲ್ಲಿ ದಂಪತಿ ಫ್ರಾನ್ಸಿಗೆ ಸರಿದರು. ಮಗ ಲಿಯೋನ್ 1939ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ. ಡಬ್ಲಿನ್‌ನಲ್ಲಿದ್ದ ತವರಿನವರು ಅಲೆದಾಡಿ, ಕಡೆಗೆ ಉತ್ತರ ಐರ್ಲೆಂಡಿಗೆ ಬರಲು ವೀಸಾ ದೊರಕಿಸಿ, ಅವರು ಆಗ ತಂಗಿದ್ದ ಟುಲೂಸ್‌ಗೆ ಕಳಿಸಿದರು. ಅದು ತಲುಪುವ ಹಿಂದಿನ ದಿನವೇ ಆ ಮೂವರನ್ನು ಹಿಡಿದೊಯ್ದಿದ್ದರು. ರೈಲಿನ ಕಿಟಕಿಯಿಂದ ಎಟ್ಟಿ ಒಂದು ಅಂಚೆ ಕಾರ್ಡು ಎಸೆದಳು. ಅದರಲ್ಲಿ ಬಂಧುಗಳ ಸುದ್ದಿ ಬರೆದಂತೆ ಹೀಬ್ರೂ ಪದಗಳನ್ನು ಹೆಸರುಗಳಾಗಿ ಬಳಸಿ, ಅನ್ನ ಸಿಗಲಿಲ್ಲ, ಸಿಕ್ಕಿದ್ದು ಸರ್ವನಾಶ ಎಂಬ ಅರ್ಥ ಅಡಗಿಸಿದ್ದಳು. ಯಾರೋ ಅಪರಿಚಿತರು ಕಾರ್ಡನ್ನು ಹೆಕ್ಕಿ ಅಂಚೆಗೆ ಹಾಕಿದರು, ಅದು ಡಬ್ಲಿನ್ ತಲುಪಿತು. 1942ರ ಸೆಪ್ಟೆಂಬರ್ 2ರಂದು ಪ್ಯಾರಿಸ್ ಬಳಿಯ ಡ್ರಾನ್ಸಿ ಶಿಬಿರದಿಂದ ಹೊರಟ ರೈಲು ಎರಡು ದಿನಗಳಲ್ಲಿ ಆಶ್‌ವಿಟ್ಜ್ ಸೇರಿತು. ತಾಯಿ, ತಂದೆ, ಮೂರು ವರ್ಷದ ಮಗು ಯಾರೂ ಉಳಿಯಲಿಲ್ಲ.

ಯುದ್ಧ ಮುಗಿಯುವ ಹೊತ್ತಿಗೂ ಅಧಿಕೃತ ಮನಸ್ಸು ಕರಗಿರಲಿಲ್ಲ. ಬೆಲ್ಸೆನ್‌ನ ಚಿತ್ರಗಳು ಪ್ರಪಂಚಕ್ಕೆ ಕಾಣತೊಡಗಿದ ಮೇಲೆ, 1945ರ ಮೇ 2ರಂದು, ಪ್ರಧಾನಿ ಈಮನ್ ಡಿ ವಲೇರ ಹಿಟ್ಲರನ ಸಾವಿಗೆ ಸಂತಾಪ ಸೂಚಿಸಲು ಜರ್ಮನ್ ರಾಯಭಾರಿಯ ಬಳಿಗೆ ಹೋದರು. ತಟಸ್ಥ ದೇಶದ ಶಿಷ್ಟಾಚಾರ ಎಂಬ ಸಮರ್ಥನೆ ಇತಿಹಾಸದ ಮುಂದೆ ನಿಲ್ಲುವಂಥದ್ದಲ್ಲ. ಆದರೆ ಅದೇ ಡಿ ವಲೇರ, ನ್ಯಾಯ ಇಲಾಖೆ ಬೇಡವೆಂದರೂ, ನೂರರಷ್ಟು ಅನಾಥ ಯಹೂದಿ ಮಕ್ಕಳನ್ನು ತಾತ್ಕಾಲಿಕವಾಗಿ ಬರಮಾಡಿಕೊಳ್ಳಲು ಒಪ್ಪಿದರು ಎಂಬುದನ್ನೂ ಹೇಳಬೇಕು. 1948ರಲ್ಲಿ ಆ ಮಕ್ಕಳು ವೆಸ್ಟ್‌ಮೀತ್ ಕೌಂಟಿಯ ಡೆಲ್ವಿನ್‌ನಲ್ಲಿರುವ ಕ್ಲೋನಿನ್ ಕೋಟೆಮನೆಯಲ್ಲಿ ಸುಮಾರು ಒಂದು ವರ್ಷ ಕಳೆದು ಬೇರೆ ದೇಶಗಳಿಗೆ ಹೊರಟರು.

ಒಬ್ಬ ವ್ಯಕ್ತಿ ಮಾತ್ರ ಯಾರ ಅಪ್ಪಣೆಗೂ ಕಾಯಲಿಲ್ಲ. ಡಬ್ಲಿನ್‌ನ ಮಕ್ಕಳ ವೈದ್ಯ ಬಾಬ್ ಕಾಲಿಸ್, ರೆಡ್ ಕ್ರಾಸ್ ಸ್ವಯಂಸೇವಕರಾಗಿ ಬಿಡುಗಡೆಯಾದ ಬೆಲ್ಸೆನ್‌ಗೆ ಹೋದರು. ಅಲ್ಲಿನ ಆಸ್ಪತ್ರೆಯ ಮಕ್ಕಳ ವಾರ್ಡಿನಿಂದ ತಂದೆತಾಯಿಯಿಲ್ಲದ ಕೆಲವು ಮಕ್ಕಳನ್ನು ಐರ್ಲೆಂಡಿಗೆ ಕರೆತಂದರು. ಝೋಲ್ಟಾನ್ ಮತ್ತು ಎಡಿಟ್ ಎಂಬ ತಮ್ಮ-ಅಕ್ಕನನ್ನು ಸ್ವಂತ ಮಕ್ಕಳಾಗಿ ಬೆಳೆಸಿದರು. ಆ ಮಕ್ಕಳಲ್ಲೇ ಸೂಸಿ ಎಂಬ ಹುಡುಗಿ ಮತ್ತು ಆಕೆಯ ಅಣ್ಣನನ್ನು ಡಬ್ಲಿನ್‌ನ ಯಹೂದಿ ದಂಪತಿ ದತ್ತು ತೆಗೆದುಕೊಂಡರು. ಝೋಲ್ಟಾನ್‌ಗೆ ಬೆನ್ನುಮೂಳೆಯ ಕ್ಷಯ. ಗೂನು ಬೆನ್ನಿನಲ್ಲೇ ಬೆಳೆದು ಬಾಣಸಿಗರಾಗಿ ದುಡಿದರು, 2006ರಲ್ಲಿ ತಮ್ಮ ನೆನಪುಗಳ ಪುಸ್ತಕ ತಂದರು, 2012ರಲ್ಲಿ ತೀರಿಕೊಂಡರು. ಕೈಕಾಲು ಸ್ವಾಧೀನವಿಲ್ಲದೆ ಎಡಗಾಲಿನಿಂದ ಬರೆದ ಐರಿಷ್ ಲೇಖಕ ಕ್ರಿಸ್ಟಿ ಬ್ರೌನ್ ಬೆನ್ನಿಗೆ ನಿಂತ ವೈದ್ಯರೂ ಇದೇ ಕಾಲಿಸ್.

ಮೂರನೆಯದು ಮೌನದ ಪ್ರಶ್ನೆ.

ರೈಕೆಂಟಾಲ್ ಕುಟುಂಬ 1949ರಲ್ಲಿ ಇಸ್ರೇಲ್‌ಗೆ ಹೋಯಿತು. ಟೋಮಿ ಅಲ್ಲಿ ಸೇನೆಯಲ್ಲಿದ್ದು, ಬಳಿಕ ಎಂಜಿನಿಯರಿಂಗ್ ಓದಲು ಹೋದದ್ದು ಜರ್ಮನಿಗೆ. 1959ರಲ್ಲಿ ಐರ್ಲೆಂಡಿಗೆ ಬಂದದ್ದು ಜಿಪ್ ತಯಾರಿಸುವ ಕಾರ್ಖಾನೆ ನಡೆಸಲು. ಇಪ್ಪತ್ತು ವರ್ಷ ಹಿಂದೆ ಟೋಪಿ, ರಿಬ್ಬನ್‌ಗಳಿಗೆ ತೆರೆದಿದ್ದ ಅದೇ ಕಿಟಕಿ ಎನ್ನಬೇಕು. 1961ರಲ್ಲಿ ಡಬ್ಲಿನ್‌ನ ಯಹೂದಿ ಕುಟುಂಬದ ಹೆಣ್ಣುಮಗಳನ್ನು ಮದುವೆಯಾದರು. ಮೂವರು ಗಂಡುಮಕ್ಕಳು, ಆಭರಣ ವ್ಯಾಪಾರ, ಐರಿಷ್ ಪೌರತ್ವ, ಹೀಗೆ ಬದುಕು ನೆಲೆಗೊಂಡಿತು. ಆದರೆ ಬೆಲ್ಸೆನ್ ಕುರಿತು ಒಂದು ಮಾತೂ ಇಲ್ಲ. 2003ರಲ್ಲಿ ತೀರಿಕೊಂಡ ಪತ್ನಿಗೂ ಅವರು ಅದನ್ನು ಬಿಡಿಸಿ ಹೇಳಿರಲಿಲ್ಲ.

ಇಂಥ ಮೌನವನ್ನು ಬರಿಯ ಮನೋವೈದ್ಯಕೀಯ ಲಕ್ಷಣವೆಂದು ವಿವರಿಸಿದರೆ ಅರ್ಧ ಸತ್ಯ ಹೇಳಿದಂತೆ. ಬಾಯಿ ಬಾರದಿರುವುದು ಒಂದು ಕಡೆ, ಕೇಳುವವರಿಲ್ಲದಿರುವುದು ಇನ್ನೊಂದು ಕಡೆ. ಯುದ್ಧಕಾಲವನ್ನು ತುರ್ತುಸ್ಥಿತಿ ಎಂಬ ಹೆಸರಿನಿಂದ ಕರೆದು ಹೊರಗಿನ ಲೋಕದಿಂದ ತನ್ನನ್ನು ಬೇರ್ಪಡಿಸಿಕೊಂಡಿದ್ದ ಐರ್ಲೆಂಡ್‌ಗೆ, ತಾನು ತಿರಸ್ಕರಿಸಿದ ವೀಸಾ ಅರ್ಜಿಗಳ ನೆನಪು ಬೇಕಿರಲಿಲ್ಲ. ಯಾರೂ ಕೇಳದ ಕಥೆಯನ್ನು ಯಾರೂ ಹೇಳುವುದಿಲ್ಲ. ಆಶ್ರಯ ಕೊಟ್ಟ ನಾಡು ತನ್ನ ಪಾಲನ್ನು ಒಪ್ಪಿಕೊಂಡ ಕಾಲಕ್ಕೇ ಬದುಕುಳಿದವರ ಬಾಯಿಯೂ ತೆರೆಯಿತು ಎಂಬುದು ಕಾಕತಾಳೀಯವಲ್ಲ. 1995ರಲ್ಲಿ, ಬೆಲ್ಸೆನ್ ಬಿಡುಗಡೆಯ ಐವತ್ತನೇ ವರ್ಷದ ಸ್ಮರಣೆಯಲ್ಲಿ, ಪ್ರಧಾನಿ ಜಾನ್ ಬ್ರೂಟನ್ ಐರ್ಲೆಂಡ್‌ನ ಬಾಗಿಲು ಅಂದು ಸರಿಯಾಗಿ ತೆರೆದಿರಲಿಲ್ಲ ಎಂದು ಒಪ್ಪಿಕೊಂಡರು. 2003ರಲ್ಲಿ ದೇಶದ ಮೊದಲ ಯಹೂದಿ ಹತ್ಯಾಕಾಂಡ (ಹಾಲೊಕಾಸ್ಟ್) ಸ್ಮರಣ ದಿನದಂದು ನ್ಯಾಯ ಸಚಿವ ಮೈಕೆಲ್ ಮೆಕ್‌ಡೊವೆಲ್ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. 2005ರಲ್ಲಿ ಹಾಲೊಕಾಸ್ಟ್ ಎಜುಕೇಷನ್ ಟ್ರಸ್ಟ್ ಐರ್ಲೆಂಡ್ ಸ್ಥಾಪನೆಯಾಯಿತು. ರೈಕೆಂಟಾಲ್ ಶಾಲೆಗಳಿಗೆ ಹೋಗಿ ಮಾತಾಡತೊಡಗಿದ್ದು ಇದೇ ವರ್ಷಗಳಲ್ಲಿ.

ಒಮ್ಮೆ ತೆರೆದ ಬಾಯಿ ಮತ್ತೆ ಮುಚ್ಚಲಿಲ್ಲ. ಊರೂರಿನ ಪ್ರೌಢಶಾಲೆಗಳಲ್ಲಿ ಸಾವಿರಾರು ಮಕ್ಕಳ ಮುಂದೆ ಅವರು ನಿಂತರು. ಎಂಬತ್ತು ದಾಟಿದ ಮೇಲೂ ಆ ಓಡಾಟ ನಿಲ್ಲಲಿಲ್ಲ. 2011ರಲ್ಲಿ ಬಾಲ್ಯದ ನೆನಪುಗಳ ಪುಸ್ತಕ ಬಂತು. ನಿರ್ದೇಶಕ ಗೆರಿ ಗ್ರೆಗ್ ಅವರ ಜೊತೆ ಮೂರು ಸಾಕ್ಷ್ಯಚಿತ್ರಗಳು ಮೂಡಿದವು. ಅವುಗಳಲ್ಲಿ ಎರಡನೆಯದು ಬೆಲ್ಸೆನ್‌ನಲ್ಲಿ ಕಾವಲುಗಾರ್ತಿಯಾಗಿದ್ದು, 1945ರ ಬೆಲ್ಸೆನ್ ವಿಚಾರಣೆಯಲ್ಲಿ ಒಂದು ವರ್ಷ ಶಿಕ್ಷೆ ಅನುಭವಿಸಿ, ಹ್ಯಾಂಬರ್ಗ್‌ನಲ್ಲಿ ವೃದ್ಧಾಪ್ಯ ಕಳೆಯುತ್ತಿದ್ದ ಹಿಲ್ಡೆ ಮಿಶ್ನಿಯಾ ಎಂಬಾಕೆಯನ್ನು ಕಂಡು ಮಾತಾಡುವ ಪ್ರಯತ್ನದ ಕಥೆ. ಭೇಟಿ ಕೈಗೂಡಲಿಲ್ಲ. ಆಕೆಯಿಂದ ಪಶ್ಚಾತ್ತಾಪದ ಮಾತೂ ಬರಲಿಲ್ಲ. ಅದರ ಬದಲು ಇನ್ನೊಂದು ಸ್ನೇಹ ಬೆಳೆಯಿತು: ಸ್ಲೊವಾಕಿಯಾದಲ್ಲಿ ಹಿಟ್ಲರನ ರಾಯಭಾರಿಯಾಗಿದ್ದು 1947ರಲ್ಲಿ ಗಲ್ಲಿಗೇರಿದ ಹಾನ್ಸ್ ಲುಡಿನ್‌ನ ಮೊಮ್ಮಗಳು, ಲೇಖಕಿ ಅಲೆಕ್ಸಾಂಡ್ರಾ ಸೆನ್‌ಫ್ಟ್ ಜೊತೆಗೆ. ತಾತನ ತಪ್ಪನ್ನು ಮನೆಯವರು ಮುಚ್ಚಿಟ್ಟದ್ದನ್ನು ಬಯಲಿಗೆ ತಂದು, ಅದರ ಬೆಲೆ ತೆತ್ತ ಹೆಣ್ಣುಮಗಳು ಆಕೆ. ಕ್ಷಮೆ ಕೇಳಬೇಕಾದವರು ಕೇಳದೆ ಹೋದಾಗ, ತಪ್ಪೇ ಮಾಡದ ಮೂರನೆಯ ತಲೆಮಾರು ಮುಂದೆ ಬಂದು ಎದುರು ಕೂತಿತು. ಜರ್ಮನಿಯ ಸರ್ಕಾರ ರೈಕೆಂಟಾಲ್ ಅವರಿಗೆ ತನ್ನ ನಾಗರಿಕ ಗೌರವ ನೀಡಿತು. 2014ರಲ್ಲಿ ಐರ್ಲೆಂಡಿನ ವರ್ಷದ ವ್ಯಕ್ತಿ ಪ್ರಶಸ್ತಿಗಳಲ್ಲಿ ಅಂತರರಾಷ್ಟ್ರೀಯ ವಿಭಾಗದ ಮನ್ನಣೆ ಅವರಿಗೆ ಸಂದಿತು.

ಇಲ್ಲಿಂದ ಕೊನೆಯ ವಿಷಯಕ್ಕೆ ದಾರಿ ಹತ್ತಿರವಿದೆ. ಆ ಪ್ರಶಸ್ತಿಗಳ ಸಮಾರಂಭಕ್ಕೆ ಹಲವು ವರ್ಷ ವೇದಿಕೆಯಾದದ್ದು ಸಿಟಿವೆಸ್ಟ್ ಹೋಟೆಲ್. ಸ್ಯಾಗಾರ್ಟ್ ಹಳ್ಳಿಯ ಪಕ್ಕ, ಲುವಾಸ್ ಟ್ರಾಮಿನ ಕೆಂಪು ಮಾರ್ಗ ಕೊನೆಗೊಳ್ಳುವಲ್ಲಿ ಬೆಳೆದ ಈ ಬಡಾವಣೆಯಲ್ಲಿ ಇಂದು ಭಾರತೀಯ ಕುಟುಂಬಗಳೂ ಬಹಳಷ್ಟಿವೆ. 2022ರ ಮಾರ್ಚ್‌ನಲ್ಲಿ ಉಕ್ರೇನ್ ಯುದ್ಧದಿಂದ ಓಡಿಬಂದವರನ್ನು ನೋಂದಾಯಿಸಿ ವಸತಿ ಕೊಡುವ ಮುಖ್ಯ ಕೇಂದ್ರವಾಗಿ ಅದೇ ಹೋಟೆಲ್ ಮಾರ್ಪಟ್ಟಿತು. ಬೇರೆ ದೇಶಗಳಿಂದ ಆಶ್ರಯ ಕೋರಿ ಬಂದವರೂ ಅಲ್ಲಿ ತಂಗಿದರು. 2025ರಲ್ಲಿ ಸರ್ಕಾರ ಅದನ್ನು ಸುಮಾರು 148 ದಶಲಕ್ಷ ಯೂರೊಗೆ ಕೊಂಡುಕೊಂಡಿತು. ಅದೇ ಅಕ್ಟೋಬರ್‌ನಲ್ಲಿ, ಆಶ್ರಯ ಕೋರಿ ಬಂದವನೊಬ್ಬನ ಮೇಲೆ ಬಂದ ಆರೋಪದ ಬೆನ್ನಲ್ಲೇ ಹೋಟೆಲಿನ ಹೊರಗೆ ಗಲಭೆ ಎದ್ದು ಪೊಲೀಸ್ ವಾಹನಕ್ಕೆ ಬೆಂಕಿ ಬಿತ್ತು. ಒಬ್ಬನ ಮೇಲಿನ ಆರೋಪವನ್ನು ವಿಚಾರಿಸಲು ನ್ಯಾಯಾಲಯವಿದೆ. ಆ ಆರೋಪವನ್ನು ಕಟ್ಟಡದೊಳಗಿರುವ ಎಲ್ಲರ ತಲೆಗೆ ಕಟ್ಟುವುದು ಬೇರೆಯೇ ಕೆಲಸ. 1938ರ ನಿರಾಕರಣೆಯನ್ನೂ 2022ರ ಸ್ವಾಗತವನ್ನೂ ಒಂದೇ ತಕ್ಕಡಿಗೆ ಹಾಕಲಾಗದು, ಕಾಲ ಬೇರೆ, ಕಾನೂನು ಬೇರೆ. 1951ರ ನಿರಾಶ್ರಿತರ ಒಡಂಬಡಿಕೆ ಹುಟ್ಟಿದ್ದೇ ಎವಿಯಾನ್‌ನಂಥ ಸೋಲುಗಳಿಂದ. ಆದರೆ ನಮ್ಮವರಿಗೇ ಮನೆಯಿಲ್ಲ, ನಮ್ಮವರಿಗೇ ಕೆಲಸವಿಲ್ಲ ಎಂಬ ವಾದದ ಧಾಟಿ ಎರಡೂ ಕಾಲದಲ್ಲಿ ಒಂದೇ ಆಗಿರುವುದನ್ನು ಇತಿಹಾಸ ಓದಿದವರು ಗುರುತಿಸದೆ ಇರಲಾರರು. ರೈಕೆಂಟಾಲ್ ಅವರ ಮೂರನೆಯ ಚಿತ್ರ, 2017ರದ್ದು, ಬೋಸ್ನಿಯಾದ ಮುಸ್ಲಿಮರ ಹತ್ಯೆಯ ನೆಲಕ್ಕೆ ಹೋಗಿ, ನಿರಾಶ್ರಿತರ ಜೊತೆ ಕೂತು ಮಾತಾಡುತ್ತದೆ. ತನ್ನ ಜನಕ್ಕಾದ ನೋವನ್ನು ತನ್ನ ಜನಕ್ಕಷ್ಟೇ ಮೀಸಲಿಡಲು ಅವರು ಒಪ್ಪಲಿಲ್ಲ.

ಐರ್ಲೆಂಡಿನಲ್ಲಿ ಇಂದು ಪ್ರತಿ ವರ್ಷ ಜನವರಿ 27ರ ಆಸುಪಾಸಿನಲ್ಲಿ ಹತ್ಯಾಕಾಂಡದ ರಾಷ್ಟ್ರೀಯ ಸ್ಮರಣೆ ನಡೆಯುತ್ತದೆ, ಮಡಿದವರ ಹೆಸರುಗಳನ್ನು ಓದಲಾಗುತ್ತದೆ. ಬದುಕುಳಿದವರ ಸಂಖ್ಯೆ ಕರಗುತ್ತಿರುವುದರಿಂದ ಮಕ್ಕಳು, ಮೊಮ್ಮಕ್ಕಳು ಆ ಹೊಣೆಯನ್ನು ವಹಿಸಿಕೊಳ್ಳುತ್ತಿದ್ದಾರೆ. ಜರ್ಮನ್ ಕಲಾವಿದ ಗುಂಟರ್ ಡೆಮ್ನಿಗ್ ಯೂರೋಪಿನಾದ್ಯಂತ ಮಡಿದವರ ಮನೆಗಳ ಮುಂದೆ ಕಾಲುದಾರಿಯಲ್ಲಿ ಹಿತ್ತಾಳೆ ಹೊದಿಸಿದ ಸಣ್ಣ ಕಲ್ಲುಗಳನ್ನು ಕೂರಿಸುತ್ತ ಬಂದಿದ್ದಾರೆ. ಅಂಥ ಆರು ಕಲ್ಲುಗಳು 2022ರ ಜೂನ್‌ನಲ್ಲಿ ಡಬ್ಲಿನ್‌ಗೂ ಬಂದವು. ಎಟ್ಟಿ, ಆಕೆಯ ಗಂಡ, ಮಗು ಲಿಯೋನ್, ಜೊತೆಗೆ ಐರ್ಲೆಂಡಿನಲ್ಲಿ ಹುಟ್ಟಿ ಯೂರೋಪಿನಲ್ಲಿ ಕೊಲೆಯಾದ ಐಸಾಕ್ ಶಿಶಿ, ಎಫ್ರೆಯಿಮ್ ಸಾಕ್ಸ್ ಮತ್ತು ಲೀನಾ ಸಾಕ್ಸ್, ಈ ಆರು ಹೆಸರುಗಳು ಅವುಗಳ ಮೇಲಿವೆ. ಕಲ್ಲುಗಳನ್ನು ಹಾಸಿರುವುದು ಎಟ್ಟಿ ಓದಿದ ಡೊನೋರ್ ಅವೆನ್ಯೂದ ಶಾಲೆಯ ಮುಂದೆ.